ಎರಡನೇ ಗೇಟಿನ ಕಾಲು ಗಂಟೆ

ಹೂಟಗಳ್ಳಿಯ ಒಂದು ಫೌಂಡ್ರಿಯ ಎರಡನೇ ಗೇಟಿನ ಮುಂದೆ, ನಾನಿನ್ನೂ ಕಾಲೇಜು ಓದುತ್ತಿದ್ದ ಕಾಲದಲ್ಲಿ, ಒಂದು ಮಧ್ಯಾಹ್ನ ಕಾಲು ಗಂಟೆಯೊಳಗೆ ಇಬ್ಬರು ಸತ್ತರು. ಒಬ್ಬರು ಶಿಫ್ಟ್ ಸೂಪರ್‌ವೈಸರ್. ಮುಷ್ಕರಕ್ಕೆ ಕೂತಿದ್ದ ಕಾರ್ಮಿಕರು ಅವರನ್ನು ವ್ಯಾನಿನಿಂದ ಎಳೆದು ಕಬ್ಬಿಣದ ಸಲಾಕೆಯಲ್ಲಿ ಹೊಡೆದರು. ಇನ್ನೊಬ್ಬರು ಮೋಲ್ಡರ್, ಅಂದರೆ ಮರಳಿನಲ್ಲಿ ಎರಕದ ಅಚ್ಚು ಕೂರಿಸುವ ಕೆಲಸದವರು. ಪೊಲೀಸರ ಗುಂಡು ಅವರ ಬೆನ್ನಿಗೆ ಹೊಕ್ಕಿತು. ಈ ಕಾಲು ಗಂಟೆಯನ್ನು ಬರೆಯಲು ನನಗೆ ಎಂಟು ತಿಂಗಳು ಹಿಡಿಯಿತು. ಬರೆದು ಮುಗಿಸುವಷ್ಟರಲ್ಲಿ ನನ್ನ ಬಲಗೈ ಮಣಿಕಟ್ಟು ಮುರಿದಿತ್ತು.

ಕಾರ್ಖಾನೆಗೆ ಐವತ್ತು ವರ್ಷ ತುಂಬುತ್ತಿತ್ತು. ಒಂದು ಇತಿಹಾಸದ ಪುಸ್ತಕ ಬರೆದುಕೊಡಿ ಎಂದು ಅಲ್ಲಿಯ ಎಚ್‌.ಆರ್. ಮ್ಯಾನೇಜರ್ ನಮ್ಮ ಕಾಲೇಜಿಗೆ ಬಂದು ಕೇಳಿದ್ದರು. ನಾನು ಇತಿಹಾಸ ಪಾಠ ಮಾಡುವವಳು, ನಿವೃತ್ತಿಗೆ ಹತ್ತಿರವಿದ್ದೆ, ಒಪ್ಪಿಕೊಂಡೆ. ಮೊದಲ ದಿನವೇ ಅವರು, "ಮೇಡಂ, ಆ ಇನ್ಸಿಡೆಂಟ್‌ಗೆ ಒಂದು ಪ್ಯಾರಾ ಸಾಕು" ಎಂದರು. ಯಾವ ಇನ್ಸಿಡೆಂಟ್ ಎಂದು ನಾನು ಕೇಳಲಿಲ್ಲ. ಮೈಸೂರಿನಲ್ಲಿ ನನ್ನ ವಯಸ್ಸಿನವರಿಗೆಲ್ಲ ಅದು ಗೊತ್ತು.

ಅದರ ಬಗ್ಗೆ ಆಗಲೇ ಎರಡು ಬರಹಗಳಿದ್ದವು. ಕಂಪನಿಯ ಬೆಳ್ಳಿಹಬ್ಬದ ಪುಸ್ತಕದಲ್ಲಿ, ಕರ್ತವ್ಯಕ್ಕೆ ಬರುತ್ತಿದ್ದ ಅಧಿಕಾರಿಯನ್ನು ಗುಂಪು ಹೊಡೆದು ಕೊಂದಿತು, ಆಮೇಲೆ ಪೊಲೀಸರು ಅನಿವಾರ್ಯವಾಗಿ ಗುಂಡು ಹಾರಿಸಿದರು ಎಂದಿತ್ತು. ಗುಂಡು ಯಾರಿಗೆ ಬಿತ್ತು ಎಂದು ಇರಲಿಲ್ಲ. ಯೂನಿಯನ್ ಪ್ರತಿವರ್ಷ ಹಂಚುವ ಕರಪತ್ರದಲ್ಲಿ, ಶಾಂತವಾಗಿ ನಿಂತಿದ್ದ ಕಾರ್ಮಿಕರ ಮೇಲೆ ಪೊಲೀಸರು ಗುಂಡು ಹಾರಿಸಿ ಮೋಲ್ಡರ್ ಒಬ್ಬರನ್ನು ಕೊಂದರು, ಆಮೇಲೆ ಗಲಭೆಯಾಯಿತು ಎಂದಿತ್ತು. ಗಲಭೆಯಲ್ಲಿ ಯಾರು ಸತ್ತರು ಎಂದು ಅಲ್ಲೂ ಇರಲಿಲ್ಲ. ಎರಡೂ ಕಡೆಯ ವಾದ ನಿಂತಿದ್ದದ್ದು 'ಆಮೇಲೆ' ಎನ್ನುವ ಒಂದೇ ಪದದ ಮೇಲೆ. ಮೊದಲು ಸಲಾಕೆ ಎದ್ದಿತೋ, ಗುಂಡು ಹಾರಿತೋ? ಕೋರ್ಟಿನಲ್ಲಿ ಕೇಸು ನಡೆದು, ಸಾಕ್ಷಿಗಳೆಲ್ಲ ತಿರುಗಿಬಿದ್ದು, ಹಿಡಿದು ತಂದಿದ್ದವರೆಲ್ಲ ಬಿಡುಗಡೆಯಾಗಿದ್ದರು. ಅಲ್ಲಿಯೂ ಈ ಪ್ರಶ್ನೆ ಹಾಗೆಯೇ ಉಳಿದಿತ್ತು.

ನಾನು ಮೊದಲು ಹೋದದ್ದು ಯೂನಿಯನ್ ಕಾರ್ಯದರ್ಶಿಯ ಮನೆಗೆ. ಸತ್ತ ಮೋಲ್ಡರ್ ಅವರ ತಮ್ಮ ಅವರು. ಅಣ್ಣ ಸತ್ತಾಗ ಹೈಸ್ಕೂಲಿನಲ್ಲಿದ್ದರಂತೆ. ಆಮೇಲೆ ಅನುಕಂಪದ ಆಧಾರದ ಮೇಲೆ ಅದೇ ಫೌಂಡ್ರಿಗೆ ಸೇರಿ, ಈಗ ಯೂನಿಯನ್ನಿನ ಮುಖ್ಯಸ್ಥರು. ನನ್ನನ್ನು ಕೂರಿಸಿ, ಪೆಟ್ಟಿಗೆಯಿಂದ ಒಂದು ಖಾಕಿ ಅಂಗಿ ತೆಗೆದು ಮಂಚದ ಮೇಲೆ ಹರಡಿದರು. ಬೆನ್ನಿನ ಎಡಕ್ಕೆ ಒಂದು ಸಣ್ಣ ತೂತು, ಎದೆಯ ಕಡೆ ಅಂಗೈಯಗಲ ಹರಿದ ಬಟ್ಟೆ. ರಕ್ತ ಒಣಗಿ ಬಟ್ಟೆ ಹಪ್ಪಳದಂತಾಗಿತ್ತು. ಹೆಣ ತೊಳೆಯುವಾಗ ಎದೆಯ ತೂತಿಗೆ ಹತ್ತಿ ತುರುಕಿದಷ್ಟೂ ಒದ್ದೆಯಾಗುತ್ತಿತ್ತು, ಕೊನೆಗೆ ಅಮ್ಮ ತನ್ನ ಸೀರೆಯ ಸೆರಗು ಹರಿದು ತುಂಬಿದಳು ಎಂದು ಹೇಳಿದರು. ಅವರ ಮನೆಗೆ ನಾನು ನಾಲ್ಕು ಸಲ ಹೋದೆ. ಹೋದಾಗಲೆಲ್ಲ ಅವರ ಹೆಂಡತಿ ತಿಂಡಿ ಮಾಡಿಕೊಟ್ಟರು. ಯಾರ‍್ಯಾರನ್ನು ಮಾತಾಡಿಸಬೇಕು ಎಂದು ಕಾರ್ಯದರ್ಶಿಯೇ ಆರು ಜನ ಕಣ್ಣಾರೆ ಕಂಡವರ ಪಟ್ಟಿ ಕೊಟ್ಟರು. ಆರೂ ಜನ, ಗುಂಡು ಮೊದಲು ಹಾರಿತು ಎಂದರು.

ಸೂಪರ್‌ವೈಸರ್ ಅವರ ಮನೆ ನಜರ್‌ಬಾದಿನಲ್ಲಿ. ಅಲ್ಲಿ ಅವರ ಮಗಳಿದ್ದರು, ಒಂದು ಲ್ಯಾಬಿನಲ್ಲಿ ಕೆಲಸ ಮಾಡುವವರು. ಗೇಟಿನ ಒಳಗಿನಿಂದಲೇ ನನ್ನ ಮಾತು ಕೇಳಿ, ಇದರಿಂದ ಈಗ ಯಾರಿಗೂ ಏನೂ ಆಗಬೇಕಾಗಿಲ್ಲ ಎಂದು ಹೇಳಿ ಒಳಗೆ ಹೋದರು. ನಾನು ಮತ್ತೆ ಹೋಗಲಿಲ್ಲ. ಮಾತಾಡುವವರು ಬೇಕಾದಷ್ಟು ಜನ ಇದ್ದಾಗ ಮಾತಾಡದವರ ಬಾಗಿಲು ಯಾಕೆ ತಟ್ಟಬೇಕು ಅನ್ನಿಸಿತ್ತು. ಈಗ ಇದನ್ನು ಬರೆಯುವಾಗ ನಾಚಿಕೆಯಾಗುತ್ತದೆ.

ಮೊದಲ ಕರಡು ಮೂರು ತಿಂಗಳಲ್ಲಿ ಮುಗಿಯಿತು. ಬರೆದದ್ದನ್ನು ಅದಕ್ಕೆ ಸಂಬಂಧಪಟ್ಟವರಿಗೆಲ್ಲ ಓದಲು ಕೊಡುವುದು ನನ್ನ ಪದ್ಧತಿ. ಕಾರ್ಯದರ್ಶಿಗೆ ಒಂದು ಪ್ರತಿ ಕೊಟ್ಟೆ, ನಜರ್‌ಬಾದಿಗೆ ಅಂಚೆಯಲ್ಲಿ ಒಂದು ಕಳಿಸಿದೆ.

ಕಾರ್ಯದರ್ಶಿ ಒಂದೇ ಒಂದು ದೂರು ಹೇಳಿದರು. ಸೂಪರ್‌ವೈಸರ್ 'ಬಂದರು', 'ಇಳಿದರು'. ಮೋಲ್ಡರ್ 'ಬಂದ', 'ಬಿದ್ದ'. "ಅವ್ರಿಗೆ ಬಹುವಚನ, ನಮ್ಮಣ್ಣನಿಗೆ ಏಕವಚನ. ನೀವು ಬೇಕೂಂತ ಬರೆದಿಲ್ಲ, ಗೊತ್ತು. ಅದಕ್ಕೇ ಬೇಜಾರು" ಎಂದರು. ನಾನು ಕರಡು ತಿರುವಿ ನೋಡಿದೆ. ಮೂವತ್ತು ಪುಟದಲ್ಲಿ ಒಂದು ಕಡೆಯೂ ಈ ಕ್ರಮ ತಪ್ಪಿರಲಿಲ್ಲ. ಕಾಲರ್ ಇದ್ದವರೆಲ್ಲ ಅವರು, ಮರಳಿನಲ್ಲಿ ಕೂತವರೆಲ್ಲ ಅವನು.

ಒಂದು ವಾರದ ಮೇಲೆ ನಜರ್‌ಬಾದಿನ ಮಗಳು ಕೃಷ್ಣಮೂರ್ತಿಪುರಂನ ನಮ್ಮ ಮನೆಗೇ ಬಂದರು. ಕೈಯಲ್ಲಿ ನನ್ನ ಕರಡು. ಅದರ ತುಂಬ ಪೆನ್ಸಿಲ್ ಗೆರೆ. ನೀರನ್ನೂ ಮುಟ್ಟಲಿಲ್ಲ.

"ನಿಮ್ಮ ಪುಸ್ತಕದಲ್ಲಿ ಅವರನ್ನ ಕೊಂದಿದ್ದಾರೆ" ಎಂದರು. "ನಮ್ಮ ತಂದೆ ಬರೀ ಸತ್ತಿದ್ದಾರೆ."

ನಾನು ಓದಿದೆ. 'ಪೊಲೀಸರು ಗುಂಡಿಟ್ಟು ಕೊಂದರು' ಎಂದು ಒಂದು ಕಡೆ ಬರೆದಿದ್ದೆ. ಇನ್ನೊಂದು ಕಡೆ, 'ಗಲಭೆಯಲ್ಲಿ ಸಿಲುಕಿ ಪ್ರಾಣ ಕಳೆದುಕೊಂಡರು'. ಆ ವಾಕ್ಯದಲ್ಲಿ ಹೊಡೆದವರೇ ಇರಲಿಲ್ಲ. ಮಳೆಗೆ ಗೋಡೆ ಬಿದ್ದು ಸತ್ತರು ಅನ್ನುವ ಹಾಗಿತ್ತು.

ಆಮೇಲೆ ಅವರು ಹೇಳಿದರು. ಆಗ ಅವರಿಗೆ ಹನ್ನೊಂದು ವರ್ಷ. ಶವಾಗಾರದಲ್ಲಿ ದೊಡ್ಡವರು ಬಟ್ಟೆ ಸರಿಸಬೇಡ ಎಂದರಂತೆ. ಎಲ್ಲರೂ ಅಮ್ಮನನ್ನು ಹಿಡಿದುಕೊಂಡಿದ್ದಾಗ ಇವರು ಸರಿಸಿದರು. ಮುಖದ ಎಡಭಾಗ ಇರಲಿಲ್ಲ. ಕಣ್ಣಿನ ಗುಳಿಯೊಳಗೆ ಕಪ್ಪು ಮರಳು ಮೆತ್ತಿಕೊಂಡಿತ್ತು. ಕೆಳಗಿನ ದವಡೆ ಕಿವಿಯ ಹತ್ತಿರ ಸರಿದಿತ್ತು. ಮೀಸೆ ನೋಡಿ ಅಪ್ಪ ಎಂದು ಗೊತ್ತಾಯಿತು. ಎರಡೂ ಕೈಗಳ ಬೆರಳು ಮುರಿದು ಹಿಂದಕ್ಕೆ ಮಡಚಿದ್ದವು. ಏಟಿಗೆ ಅಡ್ಡ ಇಟ್ಟಿದ್ದ ಕೈಗಳು ಎಂದು ಬಹಳ ವರ್ಷದ ಮೇಲೆ ಅವರಿಗೆ ಅರ್ಥವಾಯಿತಂತೆ. ಇಷ್ಟನ್ನೂ ಅವರು ಲ್ಯಾಬಿನ ರಿಪೋರ್ಟ್ ಓದುವಂತೆ, ಒಂದೇ ದನಿಯಲ್ಲಿ ಹೇಳಿದರು. ಹೋಗುವಾಗ, ನಾನು ಮಾತಾಡಲಿಲ್ಲ ಅಂತ ನಮ್ಮ ತಂದೆಯನ್ನ ಅಷ್ಟು ಚಿಕ್ಕವರನ್ನಾಗಿ ಮಾಡಿಬಿಟ್ರಾ ಎಂದು ಕೇಳಿದರು.

ಕರಡನ್ನು ಪಕ್ಕಕ್ಕಿಟ್ಟು ಮೊದಲಿನಿಂದ ಶುರುಮಾಡಿದೆ. ಈ ಸಲ ಜನರನ್ನು ಬಿಟ್ಟು ಕಾಗದ ಹಿಡಿದೆ. ಫೌಂಡ್ರಿಯ ಫರ್ನೇಸ್ ಆರಿದರೆ ಒಳಗಿನ ಲೋಹ ಗಟ್ಟಿಯಾಗಿ ಇಡೀ ಫರ್ನೇಸ್ ಹಾಳಾಗುತ್ತದೆ. ಮುಷ್ಕರದ ದಿನಗಳಲ್ಲೂ ಸೂಪರ್‌ವೈಸರುಗಳು ಒಳಗೆ ಹೋಗಿ ಅದನ್ನು ಬಿಸಿಯಾಗಿ ಇಟ್ಟಿದ್ದರು. ಆ ದಿನ ಸತ್ತ ಸೂಪರ್‌ವೈಸರ್ ವ್ಯಾನಿನಲ್ಲಿ ಬಂದದ್ದೂ ಅದಕ್ಕೇ. ಫರ್ನೇಸ್ ಲಾಗ್‌ಬುಕ್ಕಿನಲ್ಲಿ ಎರಡು ಗಂಟೆಯ ಸೈರನ್ನಿನ ತನಕ ಕಾಲು ಗಂಟೆಗೊಮ್ಮೆ ಬಿಸಿಯ ಅಂಕಿ ಇತ್ತು, ಆಮೇಲೆ ಖಾಲಿ. ಗುಂಡಿನ ಹೊತ್ತು ಅದರಲ್ಲಿ ಸಿಗಲಿಲ್ಲ. ಆಸ್ಪತ್ರೆಯ ಹಳೆಯ ಕ್ಯಾಶುಯಾಲ್ಟಿ ರಿಜಿಸ್ಟರ್ ನೋಡಲು ಎರಡು ತಿಂಗಳು ಅಲೆದೆ. ಕೊನೆಗೆ ಸಿಕ್ಕಿದ ಪುಟದಲ್ಲಿ ಇಬ್ಬರ ಹೆಸರೂ ಒಂದರ ಕೆಳಗೆ ಒಂದು ಇತ್ತು. ಸಮಯ ಒಂದೇ, ವಾಹನವೂ ಒಂದೇ: ಕಂಪನಿ ಕ್ಯಾಂಟೀನಿನ ಟೆಂಪೋ. ಯಾವ ಪುಸ್ತಕದಲ್ಲೂ ಒಂದೇ ಪುಟದಲ್ಲಿ ಜಾಗ ಸಿಗದ ಇಬ್ಬರನ್ನು ಅಕ್ಕಿ ಮೂಟೆ ಹಾಕುವ ಟೆಂಪೋದಲ್ಲಿ ಒಬ್ಬರ ಪಕ್ಕ ಒಬ್ಬರನ್ನು ಮಲಗಿಸಿ ತಂದಿದ್ದರು. ಮರಣೋತ್ತರ ವರದಿಯ ನಕಲು ಕೋರ್ಟಿನ ಕಡತದಲ್ಲಿತ್ತು. ಗುಂಡು ಬೆನ್ನಿನಿಂದ ಹೊಕ್ಕು, ಓರೆಯಾಗಿ ಎದೆಗೆ ಬಂದಿತ್ತು. ಮೋಲ್ಡರ್ ಬಗ್ಗಿದ್ದಾಗ ಗುಂಡು ಬಿದ್ದಿರಬೇಕು ಎಂದು ವೈದ್ಯರು ಬರೆದಿದ್ದರು. ಬಗ್ಗಿದ್ದು ಯಾಕೆ ಎಂದು ಅವರು ಬರೆಯುವಂತಿರಲಿಲ್ಲ.

ಆ ಶಿಫ್ಟಿನ, ಮುಷ್ಕರಕ್ಕೆ ಮುಂಚಿನ ಹಾಜರಿ ಪುಸ್ತಕವನ್ನು ಕಂಪನಿಯಿಂದ ಪಡೆದು, ಕಾರ್ಯದರ್ಶಿಯ ಪಟ್ಟಿಯಲ್ಲೂ ಕೋರ್ಟಿನ ಕಡತದಲ್ಲಿದ್ದ ಕಂಪನಿಯ ಸಾಕ್ಷಿಗಳ ಪಟ್ಟಿಯಲ್ಲೂ ಇಲ್ಲದ ಹೆಸರುಗಳನ್ನು ಬೇರೆ ಬರೆದುಕೊಂಡೆ. ಒಬ್ಬೊಬ್ಬರನ್ನೇ ಹುಡುಕಿದೆ. ಕೆಲವರು ತೀರಿಕೊಂಡಿದ್ದರು, ಕೆಲವರು ಬಾಗಿಲು ಹಾಕಿದರು. ಕಾರ್ಖಾನೆಯ ಹಿಂದಿನ ಬಡಾವಣೆಯಲ್ಲಿ ಸಿಕ್ಕಿದವರು ಒಬ್ಬ ನಿವೃತ್ತ ಕಾರ್ಮಿಕರು. ಎಪ್ಪತ್ತರ ಆಸುಪಾಸು. ನಾನು ಬಂದ ಕೆಲಸ ಹೇಳುತ್ತಿದ್ದ ಹಾಗೆ ಹೆಂಡತಿಯನ್ನು ಪಕ್ಕದ ಮನೆಗೆ ಕಳಿಸಿದರು.

"ವ್ಯಾನಿನ ಬಾಗ್ಲು ತೆಗ್ದಿದ್ದು ನಾನೇ ಮೇಡಂ" ಎಂದರು.

ನಾನು ರೆಕಾರ್ಡರ್ ಆರಿಸಲೇ ಎಂದು ಕೇಳಿದೆ. ಬೇಡ ಎಂದರು. ಮೂರು ಸಲ ಕೂತು ಹೇಳಿದರು. ಮೂರು ಸಲವೂ ಒಂದೇ ಕ್ರಮ. ಸೈರನ್ ಆಯಿತು. ವ್ಯಾನು ಬಂತು. ಮೊದಲು ಕಲ್ಲು ಬಿದ್ದವು, ಗಾಜು ಒಡೆಯಿತು. ಎರಡು ವಾರದ ಹಿಂದೆ ಇವರನ್ನು ಸಸ್ಪೆಂಡ್ ಮಾಡಿದ ಕಾಗದಕ್ಕೆ ಸೂಪರ್‌ವೈಸರ್ ಅವರ ಸಹಿಯಿತ್ತು. ಅದು ತಲೆಯಲ್ಲಿ ಕೂತಿತ್ತು. ಇವರು ಕಾಲರ್ ಹಿಡಿದು ಅವರನ್ನು ಹೊರಗೆ ಎಳೆದರು. ಫರ್ನೇಸಿನ ಕಿಟ್ಟ ಕೆದಕುವ ಸಲಾಕೆ ಕೈಯಲ್ಲಿತ್ತು. ಮೊದಲ ಏಟು ಮಂಡಿಗೆ. ಅವರು ಕುಸಿದರು. ಎರಡನೆಯದು ಮುಖಕ್ಕೆ. ಒಣಗಿದ ಅಚ್ಚು ಒಡೆದ ಸದ್ದು ಬಂತಂತೆ. ಅಷ್ಟು ಹೊತ್ತಿಗೆ ಸುತ್ತ ಹತ್ತಾರು ಜನ. ಬೂಟುಗಾಲಲ್ಲಿ ತುಳಿದರು, ಕಲ್ಲು ಎತ್ತಿ ಹಾಕಿದರು. ಯಾರು ಯಾವ ಏಟು ಹಾಕಿದರು ಅನ್ನುವುದು ಕಲಸಿಹೋಯಿತು.

"ಗುಂಡು?" ಎಂದೆ.

"ಇನ್ನೂ ಆರಿರ್ಲಿಲ್ಲ. ನಾನು ಮೂರ್ನೇ ಏಟಿಗೆ ಎತ್ತಿದ್ದೆ. ಆಗ ಆ ಮೋಲ್ಡರ್ ಹುಡ್ಗ ನುಗ್ಗಿಬಂದು ಸಲಾಕೆ ಇಡ್ಕೊಂಡ. ಬಗ್ಗಿದ್ದ. ಅಂಗೇ ಗುಂಡು ಬಿತ್ತು. ಅವರ ಮೇಲೇ ಬಿದ್ದ. ಬಿಸಿ ರಕ್ತ ನನ್ನ ಪಾದಕ್ಕೆ ಚೆಲ್ತು."

ತಡೆಯಲು ಬಂದಿದ್ದರಾ ಎಂದು ಕೇಳಿದೆ.

"ಇಷ್ಟು ವರ್ಷದಿಂದ ಅವನ ತಮ್ಮನಿಗೆ ಅಂಗೇ ಏಳ್ಕೊಂಡು ಬಂದಿದೀನಿ, ನಿಮ್ಮಣ್ಣ ಬುಡಿಸೋಕೆ ಬಂದು ಸತ್ತ ಅಂತ. ಆದ್ರೆ ಮೇಡಂ, ಬುಡಿಸೋಕೆ ಇಡ್ಕೊಂಡನೋ, ಕಿತ್ಕೊಂಡು ತಾನೇ ಒಡೆಯೋಕೋ, ನಂಗೆ ಗೊತ್ತಿಲ್ಲ."

ಬಿಡಿಸಲು ಬಂದರು ಎಂದರೆ ಹೊಡೆತವೇ ಮೊದಲು; ಕಾರ್ಯದರ್ಶಿ ಇವರನ್ನು ತಮ್ಮ ಪಟ್ಟಿಗೆ ಸೇರಿಸದಿದ್ದದ್ದು ಅದಕ್ಕೇ ಇರಬೇಕು. ಅವರ ಆರು ಸಾಕ್ಷಿಗಳ ಹತ್ತಿರ ಮತ್ತೆ ಹೋದೆ. ನೀವು ನಿಂತಿದ್ದ ಜಾಗ ತೋರಿಸಿ ಎಂದು ಗೇಟಿನ ನಕ್ಷೆ ಬರೆದು ಮುಂದಿಟ್ಟೆ. ನಾಲ್ಕು ಜನ ಬೆರಳಿಟ್ಟದ್ದು ವ್ಯಾನಿನ ಆಚೆ ಬದಿಗೆ. ಅಲ್ಲಿಂದ ಬಾಗಿಲು ಕಾಣುವಂತೆಯೇ ಇರಲಿಲ್ಲ. ಅವರಿಗೆ ಮೊದಲು ಕೇಳಿಸಿದ್ದು ಗುಂಡಿನ ಸದ್ದು, ಆಮೇಲೆ ಓಡಿ ಬಂದು ನೋಡಿದ್ದು ಸೂಪರ್‌ವೈಸರ್ ಅವರ ಹೆಣ. ಅವರು ಸುಳ್ಳು ಹೇಳಿರಲಿಲ್ಲ. ತಾವು ನಿಂತ ಕಡೆಯಿಂದ ನಿಜವನ್ನೇ ಹೇಳಿದ್ದರು. ಉಳಿದಿಬ್ಬರು, ಹೊಡೆತ ಮೊದಲು ಶುರುವಾದದ್ದು ನಿಜ ಎಂದು ತಲೆ ತಗ್ಗಿಸಿ ಒಪ್ಪಿಕೊಂಡರು. ಕಂಪನಿಯ ಸಾಕ್ಷಿಗಳು ಆಡಳಿತ ಕಚೇರಿಯ ಮಹಡಿಯ ಮೇಲಿದ್ದವರು. ಅವರಿಗೆ ಹೊಡೆತ ಕಾಣಿಸಿತ್ತು. ಗುಂಡು ಬಿದ್ದದ್ದು ಬಗ್ಗಿದ್ದ ಒಬ್ಬರ ಬೆನ್ನಿಗೆ ಎಂದು ಒಬ್ಬರೂ ಹೇಳಿರಲಿಲ್ಲ.

ಹೊಸ ಅಧ್ಯಾಯ ಬರೆದೆ. ಕಾರ್ಮಿಕರು ಹೊಡೆದರು. ಪೊಲೀಸರು ಬೆನ್ನಿಗೆ ಗುಂಡಿಟ್ಟು ಕೊಂದರು. ಮೋಲ್ಡರ್ ಸಲಾಕೆ ಹಿಡಿದರು. ಯಾಕೆ ಹಿಡಿದರು ಎಂದು ಹೇಳಲು ನನ್ನ ಹತ್ತಿರ ಆಧಾರವಿಲ್ಲ. ಪ್ರತಿ ಮಾತಿನ ಪಕ್ಕ, ಅದನ್ನು ಕಂಡವರು ಎಲ್ಲಿ ನಿಂತಿದ್ದರು ಎಂದು ಬರೆದೆ.

ಎಚ್‌.ಆರ್. ಮ್ಯಾನೇಜರ್ ಅರ್ಧ ಓದಿ ಖುಷಿಯಾದರು. ಕಾರ್ಮಿಕರೇ ಮೊದಲು ಹೊಡೆದದ್ದು ಅಂತ ಕೊನೆಗೂ ಒಬ್ಬರು ಬರೆದಿರಲ್ಲ ಎಂದರು. ಉಳಿದರ್ಧ ಓದಿ, ಬೆನ್ನಿನ ವಿಷಯ ತೆಗೆಯಬಹುದೇ ಎಂದು ಕೇಳಿದರು. ಆಗುವುದಿಲ್ಲ ಎಂದೆ. ಹಾಗಾದರೆ ಅಧ್ಯಾಯವನ್ನೇ ತೆಗೆಯಬೇಕಾಗುತ್ತದೆ ಎಂದರು. ತೆಗೆಯಿರಿ, ಆದರೆ ಪುಸ್ತಕದ ಮೇಲೆ ನನ್ನ ಹೆಸರು ಬೇಡ ಎಂದು ಹೇಳಿ ಎದ್ದು ಬಂದೆ.

ಅಧ್ಯಾಯವನ್ನು ನಾನೇ ಬೇರೆಯಾಗಿ ಅಚ್ಚು ಹಾಕಿಸುವುದೆಂದುಕೊಂಡೆ. ಅದಕ್ಕೆ ಮೊದಲು ಯೂನಿಯನ್ ಕಚೇರಿಯಲ್ಲಿ ನಾನೇ ಓದಿ ಹೇಳಬೇಕು ಎಂದು ತೀರ್ಮಾನಿಸಿದೆ. ಆ ನಿವೃತ್ತ ಕಾರ್ಮಿಕರು ನಾನೂ ಬರುತ್ತೇನೆ ಎಂದರು. ಅವರ ಹೆಸರು ನಾನು ಎಲ್ಲೂ ಬರೆದಿರಲಿಲ್ಲ. ಬೇಡ ಎಂದು ಗಟ್ಟಿಯಾಗಿ ಹೇಳಬೇಕಾಗಿತ್ತು, ಹೇಳಲಿಲ್ಲ. ಆ ತಪ್ಪು ನನ್ನದು.

ಭಾನುವಾರ ಬೆಳಿಗ್ಗೆ ಮೂವತ್ತು ಜನ ಸೇರಿದ್ದರು. ಸಲಾಕೆಯ ಭಾಗ ಓದಿ ಮುಗಿಸಿದೆ. ಮೋಲ್ಡರ್ ಸಲಾಕೆಗೆ ಕೈ ಹಾಕಿದರು, ಕಾರಣ ತಿಳಿಯದು ಎಂಬಲ್ಲಿಗೆ ಬಂದಾಗ ಕಾರ್ಯದರ್ಶಿ ಎದ್ದು ನಿಂತರು.

"ನಮ್ಮಣ್ಣ ಕಾಪಾಡೋಕೆ ಹೋದನೋ ಕೊಲ್ಲೋಕೆ ಹೋದನೋ ಗೊತ್ತಿಲ್ಲ ಅಂತ ಬರೀತೀರಾ ಮೇಡಂ? ನೋಡಿದವರು ಇದಾರೆ. ಅವರ ಬಾಯಲ್ಲೇ ಕೇಳಿ" ಎಂದು ಹಿಂದಿನ ಸಾಲಿಗೆ ಕೈ ತೋರಿಸಿದರು.

ಹಿಂದಿನ ಸಾಲಿನಿಂದ, ವ್ಯಾನಿನ ಬಾಗಿಲು ತೆಗೆದಿದ್ದ ಮುದುಕರು ಎದ್ದರು. ಹೊಡೆದದ್ದು ನಾನು ಎಂದರು. ನಿನಗೆ ಇಷ್ಟು ವರ್ಷ ಹೇಳಿದ್ದು ನಿನ್ನ ಸಮಾಧಾನಕ್ಕೆ, ನನಗೂ ಗೊತ್ತಿಲ್ಲ ಕಣಪ್ಪ ಎಂದರು.

ಮುಂದಿನದು ಬೇಗ ಆಯಿತು. ಮೊದಲು ಯಾರೋ ಅವರ ಎದೆಗೆ ತಳ್ಳಿದರು. ಕಾರ್ಯದರ್ಶಿಯೋ ಬೇರೆಯವರೋ, ನಾನು ನೋಡಲಿಲ್ಲ; ನನ್ನ ಕಣ್ಣು ಕಾಗದದ ಮೇಲಿತ್ತು. ನಾನು ತಲೆ ಎತ್ತಿದಾಗ ಕಾರ್ಯದರ್ಶಿಯ ಕೈಯಲ್ಲಿ ಮಡಚುವ ಕಬ್ಬಿಣದ ಕುರ್ಚಿ ಇತ್ತು. ಅದು ಮುದುಕರ ಕಿವಿಯ ಮೇಲೆ ಬಿತ್ತು. ಅವರು ಕೈ ಅಡ್ಡ ಇಡಲಿಲ್ಲ. ಎರಡನೇ ಸಲ ಎತ್ತಿದಾಗ ನಾನು ನಡುವೆ ಹೋದೆ. ಮಣಿಕಟ್ಟಿನಲ್ಲಿ ಮೂಳೆ ಮುರಿದದ್ದು ನೋವಿಗಿಂತ ಮೊದಲು ಸದ್ದಾಗಿ ತಿಳಿಯಿತು. ಮುದುಕರು ಗೋಡೆಗೆ ಒರಗಿ ಕೂತಿದ್ದರು. ಕಿವಿಯ ಮೇಲ್ಭಾಗ ಹರಿದು ತೂಗುತ್ತಿತ್ತು, ಬಿಳಿ ಅಂಗಿ ಸೊಂಟದ ತನಕ ಕೆಂಪಾಗಿತ್ತು. ಅಷ್ಟು ಜನರಲ್ಲಿ ನಾಲ್ಕೈದು ಮಂದಿ ಅವರನ್ನು ಒದೆಯಲು ನುಗ್ಗಿದರು, ನಾಲ್ಕೈದು ಮಂದಿ ಅವರನ್ನು ತಬ್ಬಿ ಹಿಡಿದರು. ನಾನು ಅಲ್ಲೇ ಇದ್ದೆ. ಯಾರು ಒದೆಯಲು ಬಗ್ಗಿದರು, ಯಾರು ತಬ್ಬಲು ಬಗ್ಗಿದರು ಎಂದು ಇವತ್ತಿಗೂ ಹೇಳಲಾರೆ.

ಆಟೋದಲ್ಲಿ ಇಬ್ಬರೂ ಒಟ್ಟಿಗೆ ಆಸ್ಪತ್ರೆಗೆ ಹೋದೆವು. ಕ್ಯಾಶುಯಾಲ್ಟಿಯಲ್ಲಿ ಗುಮಾಸ್ತರು ರಿಜಿಸ್ಟರ್ ತೆರೆದು ಏನಾಯಿತು ಎಂದು ಕೇಳಿದರು. ಮುದುಕರು, ಮೆಟ್ಟಿಲ ಮೇಲೆ ಜಾರಿ ಬಿದ್ದೆ ಎಂದರು. ಗುಮಾಸ್ತರು ಅವರ ಕಿವಿ ನೋಡಿದರು, ನನ್ನ ಕೈ ನೋಡಿದರು. "ನಿಮ್ಗೆ?" ಎಂದರು.

ಎರಡು ತಿಂಗಳು ಅಲೆದು ಅಂಥದೇ ರಿಜಿಸ್ಟರನ್ನು ದೇವರ ಪ್ರಮಾಣದ ಹಾಗೆ ನಂಬಿದವಳು ನಾನು. ಮುದುಕರು ನನ್ನ ಮುಖ ನೋಡುತ್ತಿದ್ದರು. ನಾನೂ ಬಿದ್ದೆ ಎಂದೆ. ಗುಮಾಸ್ತರು ಒಂದರ ಕೆಳಗೆ ಒಂದು ಬರೆದುಕೊಂಡರು.

ಪ್ಲಾಸ್ಟರಿನ ಕೈಯಲ್ಲಿ ಬರೆಯಲಾಗದೆ, ಕೊನೆಯ ನಾಲ್ಕು ಪುಟಗಳನ್ನು ನನ್ನ ಸಹೋದ್ಯೋಗಿಗೆ ಹೇಳಿ ಬರೆಸಿದೆ. ನಾನು ಆ ದಿನ ಹೇಳಿದ ಸುಳ್ಳನ್ನೂ ಅದರಲ್ಲಿ ಸೇರಿಸಿದೆ. ಮುದುಕರು ಒಪ್ಪಿಕೊಂಡರು, ಹೊಡೆದವರ ಹೆಸರು ಬೇಡ ಎಂದಷ್ಟೇ ಕೇಳಿದರು. ಅವರ ಎಡಗಿವಿ ಮತ್ತೆ ಕೇಳಿಸಲಿಲ್ಲ. ಕಂಪನಿಯ ಪುಸ್ತಕ ದಪ್ಪ ಕಾಗದದಲ್ಲಿ, ಆ ವರ್ಷವೇ ಇಲ್ಲದ ಹಾಗೆ ಬಂತು. ನನ್ನದು ಊರಿನ ಸಣ್ಣ ಪ್ರೆಸ್ಸಿನಲ್ಲಿ ಅರವತ್ತು ಪುಟದ ಕಿರುಹೊತ್ತಗೆಯಾಗಿ ಬಂತು. ಕಾರ್ಯದರ್ಶಿಗೆ ಕಳಿಸಿದ ಪ್ರತಿ ವಾಪಸ್ ಬಂತು. ಕವರು ಒಡೆದಿತ್ತು, ಅಂದರೆ ಅವರು ಓದಿದ್ದರು.

ಪುಸ್ತಕ ಬಂದ ತಿಂಗಳಿಗೆ ನಜರ್‌ಬಾದಿನ ಮಗಳು ಫೋನ್ ಮಾಡಿ, ತಂದೆಗೆ ಹೊಡೆದ ಆ ಒಬ್ಬರನ್ನು ನೋಡಬೇಕು ಎಂದರು. ನಾನು ಮುದುಕರನ್ನು ಕೇಳಿದೆ. ಕರ‍್ಕೊಂಡು ಬನ್ನಿ ಎಂದರು. ಹೋಗುವ ದಾರಿಯಲ್ಲಿ, ಏನಾಗುತ್ತದೋ ಎಂಬ ಅಳುಕಿಗೆ ನನ್ನ ಮಣಿಕಟ್ಟು ನೋಯುತ್ತಿತ್ತು.

ಅವರು ಎದುರುಬದುರು ಕೂತರು. ಮುದುಕರು ಕೈ ಜೋಡಿಸಲು ಹೋದರು. ಮಗಳು, ಅದು ಬೇಡ ಎಂದರು. ಅವರ ಬಲಗಿವಿಯ ಕಡೆಗೆ ಕುರ್ಚಿ ಸರಿಸಿಕೊಂಡು ಒಂದೇ ಪ್ರಶ್ನೆ ಕೇಳಿದರು.

"ನಮ್ಮ ತಂದೆ ಏನಾದ್ರೂ ಹೇಳಿದ್ರಾ?"

"ನನ್ನ ಹೆಸ್ರು ಇಡ್ದು ಕರೆದ್ರಮ್ಮ. ಎರಡು ಸಲ."

"ಬೈದ್ರಾ?"

"ಇಲ್ಲ. ಕೆಲ್ಸ ಕಲಿಸ್ದವ್ರು ಅವರೇ. ಶಿಫ್ಟ್‌ನಲ್ಲಿ ಏನಾರ ಬೇಕಾದ್ರೆ ಕರೀತಿದ್ರಲ್ಲ, ಅಂಗೇ ಕರೆದ್ರು. ಮೊದ್ಲ ಏಟು ಬಿದ್ದಾಗ ಒಂದ್ಸಲ. ಎರಡ್ನೇದಕ್ಕೆ ಮುಂಚೆ ಒಂದ್ಸಲ."

ಮಗಳು ತಲೆಯಾಡಿಸಿದರು. ಬರುತ್ತೇನೆ ಎಂದೂ ಹೇಳದೆ ಎದ್ದು ಹೊರಗೆ ಹೋಗಿ ನಿಂತರು. ನಾನು ಆ ಮುದುಕರ ಜೊತೆ ಮೂರು ಸಲ, ಒಟ್ಟು ಏಳೆಂಟು ಗಂಟೆ ಕೂತಿದ್ದೆ. ಯಾವ ಗೇಟು, ಎಷ್ಟು ಹೊತ್ತಿಗೆ, ಯಾರು ಮೊದಲು ಎಂದು ಕೆದಕಿ ಕೆದಕಿ ಕೇಳಿದ್ದೆ. ಇದನ್ನು ಕೇಳಿರಲಿಲ್ಲ.